ಅಂಗೈ ಕಂಪ್ಯೂಟರಿಗೆ ಕನ್ನಡದ ದನಿ ಬಂದ ದಾರಿ

ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರಿಗೆ ಸ್ಪೀಕರ್ ಜೋಡಿಸಿದವರು ಸಾಮಾನ್ಯವಾಗಿ ಮೊದಲು ಕೊಡುವ ಆಜ್ಞೆ ‘ಸ್ಪೀಕರ್-ಟೆಸ್ಟ್’. ಬರಿದೇ ಕೊಟ್ಟರೆ ಜಡಿಮಳೆಯಂಥ ಸದ್ದು ಬರುತ್ತದೆ. ಮಾತಿನ ಕಡತ ನುಡಿಸು ಎಂದರೆ ‘ಫ್ರಂಟ್ ಲೆಫ್ಟ್’, ‘ಫ್ರಂಟ್ ರೈಟ್’ ಎನ್ನುವ ಇಂಗ್ಲಿಷ್ ದನಿ ಕೇಳುತ್ತದೆ. ಹೈದರಾಬಾದಿನ ಪಶ್ಚಿಮ ಅಂಚಿನ ಮಣಿಕೊಂಡದಲ್ಲಿರಲಿ, ಮಂಡ್ಯದಲ್ಲಿರಲಿ, ಕೇಳುವುದು ಅದೇ. ತಂತಿ ಸರಿಯಿದೆಯೇ ಎಂದು ತಿಳಿಯಲು ಅಷ್ಟು ಸಾಕು. ಆದರೆ ಅದೇ ಸ್ಪೀಕರ್ ಕಣ್ಣು ಮಂಜಾದ ಅಜ್ಜಿಗೆ ಕನ್ನಡ ಪತ್ರಿಕೆ ಓದಿ ಹೇಳಬೇಕು, ತೆಲುಗಿನ ನಡುವೆ ಬೆಳೆಯುವ ಮಗುವಿಗೆ ಕನ್ನಡದ ಕಥೆ ಕೇಳಿಸಬೇಕು ಎಂದಾದರೆ ಆ ದನಿ ಎಲ್ಲಿಂದ ಬರಬೇಕು?

ಮೊದಲು ಯಂತ್ರದ ವಿಷಯ. ರಾಸ್ಪ್‌ಬೆರಿ ಪೈ ಮಾರಾಟಕ್ಕೆ ಬಂದದ್ದು 2012ರ ಫೆಬ್ರುವರಿ 29ರಂದು, 35 ಡಾಲರ್ ಬೆಲೆಗೆ. ಅದರ 3.5 ಮಿಲಿಮೀಟರ್ ಕಿಂಡಿಗೆ ಸಿಗುತ್ತಿದ್ದ ಸದ್ದು, ವಿದ್ಯುತ್ತನ್ನು ಅತಿ ವೇಗವಾಗಿ ಬಿಟ್ಟು ಬಿಟ್ಟು ಹರಿಸಿ ಹೊಂದಿಸಿದ್ದು. ಕಿವಿಗೊಟ್ಟರೆ ಹಿಂದೆ ‘ಸುಯ್’ ಎನ್ನುವುದು ತಿಳಿಯುತ್ತಿತ್ತು. ಬರಿಯ ಸ್ಪೀಕರನ್ನು ಎಬ್ಬಿಸುವ ಶಕ್ತಿಯೂ ಅದಕ್ಕಿರಲಿಲ್ಲ, ನಡುವೆ ಆಂಪ್ಲಿಫೈಯರ್ ಬೇಕು. 2015ರ ಪೈ ಝೀರೋದಲ್ಲಿ ಆ ಕಿಂಡಿಯೇ ಇಲ್ಲ. 2023ರ ಪೈ 5ರಲ್ಲೂ ಅದನ್ನು ಕೈಬಿಟ್ಟರು. ಹಾಗಾಗಿ ಹವ್ಯಾಸಿಗಳು ಫಿಲಿಪ್ಸ್ ಕಂಪನಿ 1986ರಲ್ಲಿ ರೂಪಿಸಿದ ಐಟುಎಸ್ ಎಂಬ ವ್ಯವಸ್ಥೆಯನ್ನು ಹಿಡಿದರು. ಮೂರು ಸಂಕೇತ ತಂತಿಗಳ ಮೂಲಕ ಧ್ವನಿ ಅಂಕಿಗಳಾಗಿಯೇ ಹೊರಟು, ಉಗುರಿನಷ್ಟು ಚಿಪ್ಪಿರುವ ಆಂಪ್ಲಿಫೈಯರಿನಲ್ಲಿ ಸದ್ದಾಗುತ್ತದೆ. ಸದ್ದಿನ ಸಮಸ್ಯೆ ಹೀಗೆ ಕೆಲವು ನೂರು ರೂಪಾಯಿಗಳಲ್ಲಿ ಬಗೆಹರಿಯಿತು. ಮಾತಿನ ಸಮಸ್ಯೆ ಬೇರೆ.

ಅದಕ್ಕೆ ಕೈ ಹಾಕಿದವರು ಪೈ ಹುಟ್ಟುವ ಹನ್ನೊಂದು ವರ್ಷ ಮೊದಲೇ ಬೆಂಗಳೂರಿನಲ್ಲಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರುಗಳು ಸೇರಿ ರೂಪಿಸಿದ ಸಿಂಪ್ಯೂಟರ್ 2001ರ ಏಪ್ರಿಲ್‌ನಲ್ಲಿ ಹೊರಬಂತು. ಸರಳ, ಅಗ್ಗ, ಬಹುಭಾಷಿಕ ಎಂಬುದು ಅದರ ಹೆಸರಿನೊಳಗೇ ಅಡಗಿದೆ. 206 ಮೆಗಾಹರ್ಟ್ಸ್‌ನ ಪ್ರೊಸೆಸರ್, ಲಿನಕ್ಸ್ ಕಾರ್ಯಾಚರಣೆ. ಅಕ್ಷರ ಬಾರದವರೂ ಬಳಸಬೇಕಾದರೆ ಯಂತ್ರವೇ ಓದಿ ಹೇಳಬೇಕಲ್ಲ? ಅದಕ್ಕಾಗಿ ರಮೇಶ್ ಹರಿಹರನ್ ಮುಂದಾಳತ್ವದಲ್ಲಿ ‘ಧ್ವನಿ’ ಎಂಬ ತಂತ್ರಾಂಶ ಸಿದ್ಧವಾಯಿತು. ಮನುಷ್ಯರ ದನಿಯಿಂದ ಕತ್ತರಿಸಿದ ಸಣ್ಣ ಸಣ್ಣ ತುಣುಕುಗಳನ್ನು ಪೋಣಿಸಿ ಮಾತಾಗಿಸುವುದು ಅದರ ಕ್ರಮ.

ಇಲ್ಲಿ ಕನ್ನಡದ ಬರವಣಿಗೆ ನೆರವಿಗೆ ಬರುತ್ತದೆ. ‘ಕಮಲ’ ಎಂದು ಬರೆದರೆ ಹಿಂದಿಯವರು ಕೊನೆಯ ಅಕಾರ ನುಂಗಿ ‘ಕಮಲ್’ ಎನ್ನುತ್ತಾರೆ. ಯಂತ್ರಕ್ಕೆ ಆ ನುಂಗುವಿಕೆಯ ನಿಯಮಗಳನ್ನೂ ಕಲಿಸಬೇಕು. ಕನ್ನಡದಲ್ಲಿ ಬರೆದದ್ದು ಬಹುಪಾಲು ಬರೆದಂತೆಯೇ ನುಡಿ. ಯಂತ್ರ ತಡವರಿಸುವುದು ಅಂಕಿಗಳಲ್ಲಿ, ಸಂಕ್ಷೇಪಗಳಲ್ಲಿ, ನಡುವೆ ನುಸುಳುವ ಇಂಗ್ಲಿಷಿನಲ್ಲಿ.

ಸಿಂಪ್ಯೂಟರ್ 2004ರಲ್ಲಿ ಅಮಿಡಾ ಎಂಬ ಹೆಸರಲ್ಲಿ ಅಂಗಡಿಗೆ ಬಂದರೂ ಎಣಿಸಿದಷ್ಟು ಕೈಗಳನ್ನು ತಲುಪಲಿಲ್ಲ. ಧ್ವನಿ ಮಾತ್ರ ಬದುಕಿತು. ಅದು ಮುಕ್ತ ತಂತ್ರಾಂಶವಾಗಿದ್ದುದರಿಂದ ಸಂತೋಷ್ ತೋಟ್ಟಿಂಗಲ್ ಅದನ್ನು ಕೈಗೆತ್ತಿಕೊಂಡು ಬೆಳೆಸಲು ಸಾಧ್ಯವಾಯಿತು. 2008ರಲ್ಲಿ ಫಾಸ್ ಇಂಡಿಯಾ ಪ್ರಶಸ್ತಿಯೂ ಬಂತು. ಪೆಟ್ಟಿಗೆ ಮೂಲೆ ಸೇರಿದ ಮೇಲೂ ದನಿ ಉಳಿಯಬಹುದು, ಅದರ ಬೀಗ ತೆರೆದಿದ್ದರೆ.

ಇನ್ನೊಂದು ದನಿ ಇಂಗ್ಲೆಂಡಿನಿಂದ ಬಂತು. ಜೊನಾಥನ್ ಡಡಿಂಗ್‌ಟನ್ 1995ರಲ್ಲಿ ಏಕಾರ್ನ್ ಕಂಪ್ಯೂಟರುಗಳಿಗಾಗಿ ಬರೆದ ಓದುವ ತಂತ್ರಾಂಶ ಮುಂದೆ ಲಿನಕ್ಸ್‌ಗೆ ಬಂದು ಇಸ್ಪೀಕ್ ಆಯಿತು. ಪೈ ಒಳಗಿರುವ ಆರ್ಮ್ ಪ್ರೊಸೆಸರಿನ ತವರೂ ಏಕಾರ್ನೇ. ಇಸ್ಪೀಕ್ ಧ್ವನಿಮುದ್ರಣವನ್ನು ಹೆಚ್ಚು ನೆಚ್ಚದೆ, ಬಾಯೊಳಗಿನ ಅನುರಣನಗಳನ್ನು ಲೆಕ್ಕ ಹಾಕಿ ಸದ್ದು ಕಟ್ಟುತ್ತದೆ. ಆದ್ದರಿಂದಲೇ ಅದು ಪುಟ್ಟದು, ಅದರ ಕನ್ನಡ ಕಬ್ಬಿಣದ ಗಂಟಲಿನಿಂದ ಬಂದಂತಿರುತ್ತದೆ. ಆದರೂ ಅಂಧರು ಬಳಸುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದ ಜೊತೆಗೇ ಬರುವ ದನಿ ಇದು. ದನಿ ಸಿಹಿಯಾಗಿದೆಯೇ ಎನ್ನುವುದಕ್ಕಿಂತ ಮೊದಲು, ಓದಲಿಕ್ಕೆ ಒಂದು ದನಿ ಇದೆಯೇ ಎಂಬುದು ಅಂಥ ಓದುಗರ ಪ್ರಶ್ನೆ.

ಮೂರನೆಯದರ ಊರು ಮಣಿಕೊಂಡದ ಪಕ್ಕದ ಗಚ್ಚಿಬೌಲಿ. ಅಲ್ಲಿನ ಐಐಐಟಿಯಲ್ಲಿ ಕಿಶೋರ್ ಪ್ರಹಲ್ಲಾದ್ ಮತ್ತು ಸಂಗಡಿಗರು ಏಳು ಭಾರತೀಯ ಭಾಷೆಗಳ ಮಾತಿನ ಸಂಗ್ರಹವನ್ನು 2012ರಲ್ಲಿ ಪ್ರಕಟಿಸಿದರು. ಕನ್ನಡ ಅವುಗಳಲ್ಲಿ ಒಂದು. ಪ್ರತಿ ಭಾಷೆಯಲ್ಲೂ ಸಾವಿರ ವಾಕ್ಯ, ಓದಿದವರು ಆಯಾ ಭಾಷೆ ಮಾತಾಡುವವರೇ. ವಾಕ್ಯಗಳನ್ನು ಆರಿಸಿದ್ದು ವಿಕಿಪೀಡಿಯದಿಂದ. ಅಂದರೆ 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಯಾರೋ ಬಿಡುವಿನ ವೇಳೆಯಲ್ಲಿ ಬರೆದ ಸಾಲು, ತೆಲುಗು ನಗರದ ಪ್ರಯೋಗಾಲಯದಲ್ಲಿ ಯಂತ್ರಕ್ಕೆ ಕನ್ನಡ ಕಲಿಸುವ ಪಾಠವಾಯಿತು.

ಈ ಮೂರೂ ಕೆಲಸಗಳಿಗೆ ಸಮಾನವಾದದ್ದು, ಮಾಡಿದವರು ಅವನ್ನು ತಮ್ಮಲ್ಲೇ ಮುಚ್ಚಿಡಲಿಲ್ಲ ಎಂಬುದು. ಇವತ್ತು ಅಗ್ಗದ ಬೋರ್ಡು, ಇಂಟರ್‌ನೆಟ್ ಇಲ್ಲದೆಯೂ ನಾಲ್ಕು ಸಾಲು ಕನ್ನಡ ಓದುವುದು ಇಂಥ ಔದಾರ್ಯದಿಂದ.

ಹಾಗಾದರೆ ಸ್ಪೀಕರನ್ನು ಕನ್ನಡಕ್ಕೆ ಪರೀಕ್ಷಿಸುವುದು ಹೇಗೆ? ‘ಹಲ್ಲಿ, ಹಳ್ಳಿ’, ‘ಬಲೆ, ಬಳೆ’, ‘ಹತ್ತು, ಹತ್ತೂ’ ಎಂದು ಓದಿಸಬೇಕು. ಎರಡೂ ಒಂದೇ ಎನಿಸಿದರೆ, ಮನೆಯವರೊಬ್ಬರ ದನಿಯಲ್ಲಿ ಅವೇ ಪದಗಳನ್ನು ಮುದ್ರಿಸಿ ಅದೇ ಸ್ಪೀಕರಿನಲ್ಲಿ ಕೇಳಬೇಕು. ಆಗಲೂ ಕಲಸಿಹೋದರೆ ತಪ್ಪು ಸ್ಪೀಕರಿನದೋ ಜೋಡಣೆಯದೋ ಇರಬೇಕು. ಮನುಷ್ಯರ ‘ಹಳ್ಳಿ’ ಸ್ಪಷ್ಟವಾಗಿದ್ದು ಯಂತ್ರದ್ದು ಮಾತ್ರ ಹಲ್ಲಿಯಾದರೆ ತಪ್ಪು ತಂತ್ರಾಂಶದ್ದು. ಇಸ್ಪೀಕ್‌ನ ಕನ್ನಡ ನಿಯಮಗಳು ಸಾದಾ ಪಠ್ಯದ ಕಡತಗಳಲ್ಲಿವೆ. ತಪ್ಪು ಕೇಳಿದವರು ತೆರೆದು ತಿದ್ದಬಹುದು, ತಿದ್ದಿದ್ದನ್ನು ಎಲ್ಲರಿಗೂ ಕಳಿಸಬಹುದು.