ನವಿಲುಗಳು ಎಷ್ಟು, ಉತ್ತರಗಳು ಎಷ್ಟು?

ಅಯ್ಯನಕೆರೆಯ ನೀರನ್ನು ನೆಚ್ಚಿದ ಸಖರಾಯಪಟ್ಟಣದಂಥ ಸೀಮೆಯಲ್ಲಿ ಲೆಕ್ಕವೆಂದರೆ ಮೊದಲಿಗೆ ಗದ್ದೆಯ ಅಳತೆ, ಕಾಳಿನ ಪಾಲು, ಸಾಲದ ಬಡ್ಡಿ. ಹೊಯ್ಸಳರ ಕಾಲದಲ್ಲಿ, 12ನೆಯ ಶತಮಾನದಲ್ಲಿ, ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ರಚಿಸಿದ್ದು ಇಂಥ ಬಳಕೆಯ ಲೆಕ್ಕಗಳಿಗೆ. ಹಾಗಾಗಿ ನಮ್ಮ ಹಳೆಯ ಗಣಿತ ಅಂಗಡಿ, ಕಣಗಳನ್ನು ದಾಟಲಿಲ್ಲ ಎಂದು ಹೇಳುವವರಿದ್ದಾರೆ. ನನಗೆ ತೋರುವುದು ಬೇರೆ: ಉತ್ತರ ಎಣಿಕೆಗೆ ಸಿಗಬೇಕೆಂಬ ವ್ಯವಹಾರದ ಹಟವೇ ಸಂಖ್ಯಾ ಸಿದ್ಧಾಂತದ ಒಂದು ಆಳವಾದ ಪ್ರಶ್ನೆಯ ಹೊಸ್ತಿಲಿಗೆ ಇಲ್ಲಿನ ಗಣಿತಜ್ಞರನ್ನು ತಂದು ನಿಲ್ಲಿಸಿತು.

ಒಂದು ಸಂಖ್ಯೆಯನ್ನು ಬಹುಪದೋಕ್ತಿಯೊಳಗೆ ಹಾಕಿದಾಗ ಅದೇ ಸಂಖ್ಯೆ ಹೊರಬಂದರೆ ಅದು ಸ್ಥಿರಬಿಂದು. ಅಂಥವು ಎಷ್ಟಿವೆ ಎಂಬುದೇ ಪ್ರಶ್ನೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಒಂದು ನವಿಲುಹಿಂಡನ್ನು ತರುತ್ತಾನೆ. ಹಿಂಡಿನ ಹದಿನಾರನೆಯ ಒಂದು ಪಾಲಿನ ವರ್ಗದಷ್ಟು ಮಾವಿನ ಮರದಲ್ಲಿ. ಉಳಿದ ಹದಿನೈದು ಪಾಲಿನ ಒಂಬತ್ತನೆಯ ಒಂದರ ವರ್ಗದಷ್ಟು, ಜೊತೆಗೆ ಇನ್ನು 14, ತಮಾಲದ ತೋಪಿನಲ್ಲಿ. ಉತ್ತರ 48: 9, 25, 14 ಕೂಡಿದರೆ ಮತ್ತೆ 48. ಸಮೀಕರಣಕ್ಕೆ ಇನ್ನೊಂದು ಪರಿಹಾರವೂ ಉಂಟು, 336ರ 17ನೆಯ ಒಂದು ಭಾಗ. ಆದರೆ ಅಷ್ಟು ನವಿಲುಗಳು ಇರಲಾರವು. ಭಾಸ್ಕರಾಚಾರ್ಯ 1150ರ ಸುಮಾರಿಗೆ ‘ಬೀಜಗಣಿತ’ದಲ್ಲಿ ಇದನ್ನು ಇನ್ನಷ್ಟು ಬಿಗಿಗೊಳಿಸಿದ. ಕೋತಿಗಳ ಎಂಟನೆಯ ಒಂದು ಪಾಲಿನ ವರ್ಗಕ್ಕೆ 12 ಕೂಡಿದರೆ ಇಡೀ ಗುಂಪು ಎಂದಾಗ 48, 16 ಎರಡನ್ನೂ ಒಪ್ಪಿದ. ಐದನೆಯ ಒಂದು ಪಾಲಿನಲ್ಲಿ ಮೂರು ಕಳೆದು ವರ್ಗಿಸಿ ಒಂದು ಕೂಡಿದರೆ ಗುಂಪು ಎಂದಾಗ 50, 5 ಎರಡೂ ಸಿಗುತ್ತವೆ. ಐದರಲ್ಲಿ ಪಾಲು ಒಂದೇ, ಅದರಲ್ಲಿ ಮೂರು ಕಳೆದರೆ ಋಣವಾಗುವುದರಿಂದ 5ನ್ನು ಕೈಬಿಟ್ಟ.

ಇದು ಬರೀ ವರ್ಗಸಮೀಕರಣ, ಸ್ಥಿರಬಿಂದುವಿನ ಮಾತೇ ಇಲ್ಲ ಎಂದು ಆಕ್ಷೇಪಿಸಬಹುದು. ನಿಜ, ಉತ್ತರವನ್ನು ಮತ್ತೆ ಮತ್ತೆ ಅದೇ ಬಹುಪದೋಕ್ತಿಗೆ ಉಣಿಸಿ ನೋಡುವ ಯೋಚನೆ ಇಬ್ಬರಲ್ಲೂ ಇಲ್ಲ. ಋಣವನ್ನು ತಳ್ಳಿದ್ದು ಅಂಜಿಕೆಯೆಂದೂ ಅನ್ನಬಹುದು. ಆದರೆ ತಳ್ಳುವ ಮೊದಲು ಭಾಸ್ಕರ 5ನ್ನು ಕಂಡುಹಿಡಿದು, ದಾಖಲಿಸಿ, ಬಿಟ್ಟದ್ದಕ್ಕೆ ಕಾರಣವನ್ನೂ ಕೊಟ್ಟ. ಒಂದೇ ಬಹುಪದೋಕ್ತಿಗೆ ಯಾವ ಸಂಖ್ಯೆಗಳಿಗೆ ಅವಕಾಶವಿದೆ ಎಂಬುದರ ಮೇಲೆ ಸ್ಥಿರಬಿಂದುಗಳ ಎಣಿಕೆ ಬದಲಾಗುತ್ತದೆ: ನವಿಲುಗಳ ಲೆಕ್ಕಕ್ಕೆ ಭಿನ್ನರಾಶಿಗಳಲ್ಲಿ ಎರಡು, ಪೂರ್ಣಾಂಕಗಳಲ್ಲಿ ಒಂದು. ಇಂದಿನವರು ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿ ಉಳಿದ ಶೇಷಗಳಲ್ಲೂ ಇದನ್ನೇ ಕೇಳುತ್ತಾರೆ. ಅಲ್ಲಿ ವರ್ಗಕ್ಕೆ ಒಂದು ಸ್ಥಿರಾಂಕ ಕೂಡಿಸುವ ನಿಯಮಕ್ಕೆ ಸ್ಥಿರಬಿಂದು ಸೊನ್ನೆ, ಒಂದು ಅಥವಾ ಎರಡು. ಪ್ರತಿ ಶೇಷವೂ ಒಂದೇ ಸ್ಥಿರಾಂಕಕ್ಕೆ ಸ್ಥಿರವಾಗುವುದರಿಂದ ಎಲ್ಲ ಸ್ಥಿರಾಂಕಗಳ ಸರಾಸರಿ ಸರಿಯಾಗಿ ಒಂದು. ಸಂಖ್ಯೆಗಳ ಲೋಕವನ್ನು ಮೊದಲು ಗೊತ್ತುಮಾಡಿ ಆಮೇಲೆ ಎಣಿಸುವ ಈ ಶಿಸ್ತು ಬಳಕೆಯ ಲೆಕ್ಕಕ್ಕೆ ಹೊರಗಿನದಲ್ಲ, ಅದರೊಳಗಿಂದಲೇ ಬೆಳೆದದ್ದು.