ರಾಜತಂತ್ರದಲ್ಲಿ ಧರ್ಮದ ಮಾತು: ಅಬಿಸೀನಿಯದ ಪ್ರಸಂಗ

ರಾಜ್ಯಗಳು ತಮ್ಮ ಸ್ವಾರ್ಥವನ್ನು ಸ್ವಾರ್ಥವೆಂದೇ ಹೇಳಿಕೊಳ್ಳುವುದು ಅಪರೂಪ. ನ್ಯಾಯ, ಶಾಂತಿ, ನಾಗರಿಕತೆ, ದುರ್ಬಲರ ರಕ್ಷಣೆ ಮೊದಲಾದ ಶಬ್ದಗಳ ನೆರವಿಲ್ಲದೆ ಯುದ್ಧ ಹೂಡಿದವರು ಚರಿತ್ರೆಯಲ್ಲಿ ವಿರಳ. ಆದುದರಿಂದ ಇಂಥ ಮಾತೆಲ್ಲ ಬರಿಯ ಬೂಟಾಟಿಕೆಯೆಂದು ತಳ್ಳಿಹಾಕುವವರುಂಟು. ಅಷ್ಟು ಸುಲಭವಾಗಿ ತಳ್ಳಿಹಾಕಬಹುದೇ ಎಂಬುದನ್ನು ವಾಚಕರು ಅಬಿಸೀನಿಯದ, ಅಂದರೆ ಇಂದಿನ ಇಥಿಯೋಪಿಯದ, ಚರಿತ್ರೆಯನ್ನು ಮುಂದಿಟ್ಟುಕೊಂಡು ವಿಚಾರಿಸಬೇಕು.

ಮೊದಲನೆಯ ಮಹಾಯುದ್ಧದ ತರುವಾಯ ಜಿನೀವಾ ನಗರದಲ್ಲಿ ನೆಲೆಗೊಂಡ ಲೀಗ್ ಆಫ್ ನೇಷನ್ಸ್ ಎಂಬ ರಾಷ್ಟ್ರಸಂಘವು 1923ರಲ್ಲಿ ಅಬಿಸೀನಿಯವನ್ನು ಸದಸ್ಯನನ್ನಾಗಿ ಸ್ವೀಕರಿಸಿತು. ಗುಲಾಮಗಿರಿಯನ್ನು ತೊಡೆದುಹಾಕಲು ಶ್ರಮಿಸುವೆವೆಂದು ಆ ದೇಶ ಆಗ ವಚನವಿತ್ತಿತು. ಇಟಲಿಯೂ ಈ ಪ್ರವೇಶಕ್ಕೆ ಸಮ್ಮತಿಸಿತ್ತು. 1928ರಲ್ಲಿ ಇಪ್ಪತ್ತು ವರ್ಷಗಳ ಸ್ನೇಹದ ಒಪ್ಪಂದಕ್ಕೂ ಸಹಿ ಮಾಡಿತು. ಏಳು ವರ್ಷ ಕಳೆದ ಮೇಲೆ ಅದೇ ಇಟಲಿ, ಗುಲಾಮರನ್ನಿಟ್ಟುಕೊಂಡ ಅನಾಗರಿಕ ದೇಶಕ್ಕೆ ರಾಷ್ಟ್ರಸಂಘದಲ್ಲಿ ಸ್ಥಾನವಿರಬಾರದೆಂದು ಜಿನೀವಾದಲ್ಲಿ ದೊಡ್ಡದೊಂದು ದೂರುಪತ್ರ ಸಲ್ಲಿಸಿ, 1935ರ ಅಕ್ಟೋಬರ್ 3ರಂದು ಸೈನ್ಯ ನುಗ್ಗಿಸಿತು. ಇಲ್ಲಿ ಸೂಕ್ಷ್ಮವಾದ ಸಂಗತಿಯೊಂದಿದೆ. ಅಬಿಸೀನಿಯದಲ್ಲಿ ಗುಲಾಮಗಿರಿ ಇದ್ದುದು ನಿಜವೇ. ಮುಸೊಲಿನಿಯ ದೂರು ಪೂರ್ಣ ಸುಳ್ಳಾಗಿದ್ದರೆ ಖಂಡಿಸುವುದು ಸುಲಭವಾಗುತ್ತಿತ್ತು. ನೆರೆಮನೆಯಲ್ಲಿ ಅನ್ಯಾಯ ನಡೆಯುತ್ತಿದೆಯೆಂದು ಕೂಗಿಕೊಂಡು ಆ ಮನೆಯನ್ನೇ ಕಬಳಿಸುವವನ ಬಾಯಲ್ಲಿ ಸತ್ಯವೂ ಕಳ್ಳನ ಕೈಯ ಕೀಲಿಯಾಗುತ್ತದೆ.

ಇನ್ನು ರಕ್ಷಕರ ಮಾತನ್ನು ನೋಡೋಣ. ಆ ವರ್ಷದ ಸೆಪ್ಟೆಂಬರ್ 11ರಂದು ಬ್ರಿಟನ್ನಿನ ವಿದೇಶಾಂಗ ಸಚಿವ ಸ್ಯಾಮ್ಯುಯೆಲ್ ಹೋರ್ ಜಿನೀವಾದಲ್ಲಿ ನಿಂತು, ಆಕ್ರಮಣವನ್ನು ಎಲ್ಲರೂ ಒಂದಾಗಿ ದೃಢವಾಗಿ ಎದುರಿಸಬೇಕೆಂದು ಸಾರಿದ್ದರು. ಸಭೆ ಹರ್ಷಿಸಿತು. ಯುದ್ಧ ಆರಂಭವಾದ ನಾಲ್ಕೇ ದಿನಗಳಲ್ಲಿ ರಾಷ್ಟ್ರಸಂಘದ ಮಂಡಳಿ ಇಟಲಿಯನ್ನು ತಪ್ಪಿತಸ್ಥನೆಂದು ತೀರ್ಮಾನಿಸಿತು. ನವೆಂಬರ್ 18ರಿಂದ ಆರ್ಥಿಕ ದಿಗ್ಬಂಧನ ಜಾರಿಗೆ ಬಂದಿತು. ಅದರ ಪಟ್ಟಿಯನ್ನು ವಾಚಕರು ಗಮನಿಸಬೇಕು. ಇಟಲಿಗೆ ಕುದುರೆ, ಕತ್ತೆ, ಒಂಟೆಗಳನ್ನು ಮಾರಕೂಡದು. ರಬ್ಬರು, ತವರಗಳನ್ನೂ ಮಾರಕೂಡದು. ಆದರೆ ವಿಮಾನಗಳಿಗೂ ಲಾರಿಗಳಿಗೂ ಬೇಕಾದ ಎಣ್ಣೆಗೆ ಅಡ್ಡಿಯಿಲ್ಲ! ಅಮೆರಿಕ ರಾಷ್ಟ್ರಸಂಘದ ಸದಸ್ಯನಲ್ಲ, ಅದು ಮಾರಿಯೇ ಮಾರುತ್ತದೆ ಎಂಬುದು ಮುಂದಿಟ್ಟ ಕಾರಣಗಳಲ್ಲೊಂದು. ಸೂಯೆಜ್ ಕಾಲುವೆಯೂ ಮುಚ್ಚಲಿಲ್ಲ. ಇಟಲಿಯ ಸೈನಿಕರು ಅದರ ಮೂಲಕವೇ ಸಾಗಿದರು. ಎಣ್ಣೆಯನ್ನು ತಡೆದಿದ್ದರೆ ಒಂದು ವಾರದೊಳಗೆ ಹಿಂದೆ ಸರಿಯಬೇಕಾಗುತ್ತಿತ್ತೆಂದು ಮುಸೊಲಿನಿ ಮುಂದೆ ಹಿಟ್ಲರನೆದುರು ಒಪ್ಪಿಕೊಂಡನೆಂಬುದನ್ನು ಹಿಟ್ಲರನ ದುಭಾಷಿ ಷ್ಮಿಟ್ ದಾಖಲಿಸಿದ್ದಾನೆ.

ಡಿಸೆಂಬರಿನಲ್ಲಿ ಅದೇ ಹೋರ್, ಫ್ರಾನ್ಸಿನ ಲವಾಲನೊಡನೆ ಕೂಡಿ, ಅಬಿಸೀನಿಯದ ವಿಶಾಲ ಭೂಭಾಗವನ್ನು ಇಟಲಿಗೆ ಬಿಟ್ಟುಕೊಡುವ ಯೋಜನೆಯನ್ನು ಗುಟ್ಟಾಗಿ ಸಿದ್ಧಪಡಿಸಿದರು. ಪ್ಯಾರಿಸ್ಸಿನ ಪತ್ರಿಕೆಗಳಲ್ಲಿ ಗುಟ್ಟು ರಟ್ಟಾಯಿತು. ನಮ್ಮ ವಿಷಯದ ತಿರುಳು ಇರುವುದು ಇಲ್ಲಿಯೇ. ಆ ವರ್ಷ ಬ್ರಿಟನ್ನಿನಲ್ಲಿ ನಡೆದ ಶಾಂತಿಯ ಜನಮತ ಸಂಗ್ರಹದಲ್ಲಿ ಒಂದು ಕೋಟಿಗೂ ಮಿಕ್ಕಿದ ಜನ ಆಕ್ರಮಣಕಾರರ ವಿರುದ್ಧ ಆರ್ಥಿಕ ದಿಗ್ಬಂಧನಕ್ಕೆ ಒಪ್ಪಿಗೆ ಸೂಚಿಸಿದ್ದರು. ಸಚಿವರ ಭಾಷಣವನ್ನು ಅವರು ನಂಬಿದ್ದರು. ರೊಚ್ಚಿಗೆದ್ದ ಆ ಜನರೆದುರು ಹೋರ್ ಡಿಸೆಂಬರ್ 18ರಂದು ರಾಜೀನಾಮೆ ಕೊಡಬೇಕಾಯಿತು. ಆಡಿದವರಿಗೆ ಹಗುರವಾಗಿದ್ದ ಮಾತು ಕೇಳಿದವರಿಂದ ತೂಕ ಪಡೆಯಿತು. ಧರ್ಮದ ಭಾಷೆಯನ್ನು ರಾಜತಂತ್ರದಿಂದ ಹೊರಹಾಕಬೇಕೆನ್ನುವವರಿಗೆ ನಾವು ಕೊಡುವ ಉತ್ತರ ಇದೊಂದೇ: ಆ ಭಾಷೆಯೇ ಇಲ್ಲದಿದ್ದರೆ ಯಾವ ಮಾತನ್ನು ಹಿಡಿದು ಆ ಜನ ತಮ್ಮ ಸರ್ಕಾರವನ್ನು ಪ್ರಶ್ನಿಸುತ್ತಿದ್ದರು?

ಆದರೆ ಅಬಿಸೀನಿಯಕ್ಕೆ ಇದರಿಂದ ಉಳಿವು ದೊರೆಯಲಿಲ್ಲ. ವಿಷಾನಿಲವನ್ನು ನಿಷೇಧಿಸಿದ 1925ರ ಜಿನೀವಾ ಒಪ್ಪಂದವನ್ನು ಅನುಮೋದಿಸಿದ್ದ ಇಟಲಿ, ವಿಮಾನಗಳಿಂದ ಮಸ್ಟರ್ಡ್ ಅನಿಲವನ್ನು ಸುರಿಯಿತು. 1936ರ ಮೇ 5ರಂದು ಆಡಿಸ್ ಅಬಾಬ ಬಿದ್ದಿತು. ಜೂನ್ 30ರಂದು ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದ ಸಭೆಯಲ್ಲಿ ತಮ್ಮ ಅಂಹಾರಿಕ್ ಭಾಷೆಯಲ್ಲಿಯೇ ಮಾತನಾಡಲು ನಿಂತಾಗ, ಇಟಲಿಯ ಪತ್ರಕರ್ತರು ಸಿಳ್ಳೆ ಹಾಕಿ ಗದ್ದಲವೆಬ್ಬಿಸಿದರು. ರುಮೇನಿಯದ ಪ್ರತಿನಿಧಿ ಟಿಟುಲೆಸ್ಕು, ಈ ಅನಾಗರಿಕರನ್ನು ಹೊರಗೆ ಹಾಕಿರೆಂದು ಕೂಗಿದರು. ಇಟಲಿ ಯಾವ ಶಬ್ದವನ್ನು ಹಿಡಿದು ದಂಡೆತ್ತಿ ಹೋಗಿತ್ತೋ ಅದೇ ಶಬ್ದ ಅಂದು ಅದರ ಕಡೆಯವರಿಗೇ ತಿರುಗಿ ತಗುಲಿತು. ನನ್ನ ಜನರಿಗೆ ಏನೆಂದು ಉತ್ತರ ಒಯ್ಯಲಿ ಎಂದು ಚಕ್ರವರ್ತಿ ಕೇಳಿದರು. ಜುಲೈ ತಿಂಗಳಲ್ಲಿ ರಾಷ್ಟ್ರಸಂಘ ದಿಗ್ಬಂಧನವನ್ನೇ ತೆಗೆದುಹಾಕಿತು.

ಅದೇ 1936ರ ಮಾರ್ಚ್‌ನಲ್ಲಿ, ಪತ್ನಿವಿಯೋಗದ ದುಃಖದಲ್ಲಿ ಯೂರೋಪಿನಿಂದ ಮರಳುತ್ತಿದ್ದ ಜವಾಹರಲಾಲ ನೆಹರು ಅವರಿಗೆ ರೋಮ್ ನಗರದಲ್ಲಿ ಮುಸೊಲಿನಿಯನ್ನು ಭೇಟಿಯಾಗಲು ಆಹ್ವಾನ ಬಂದಿತ್ತು. ಒತ್ತಾಯವೂ ನಡೆಯಿತು. ಅವರು ಹೋಗಲಿಲ್ಲ. ಅಧಿಕಾರವಿಲ್ಲದ, ಪರಾಧೀನ ದೇಶದ ನಾಯಕರೊಬ್ಬರ ಈ ನಿರಾಕರಣೆಯಲ್ಲಿ ನುಡಿ ಎಷ್ಟಿತ್ತೋ ನಡೆಯೂ ಅಷ್ಟೇ ಇತ್ತು.

1941ರಲ್ಲಿ ಎರಿಟ್ರಿಯದ ಕೆರೆನ್ ಬೆಟ್ಟಗಳಲ್ಲಿ ಇಟಲಿಯ ಸೈನ್ಯವನ್ನು ಮುರಿದವರಲ್ಲಿ 4 ಮತ್ತು 5ನೆಯ ಭಾರತೀಯ ಡಿವಿಷನ್ನುಗಳ ಯೋಧರೂ ಇದ್ದರು; ಅವರ ಸ್ವಂತ ನಾಡು ಆಗಿನ್ನೂ ಸ್ವತಂತ್ರವಾಗಿರಲಿಲ್ಲ. ರಾಜಧಾನಿ ಬಿದ್ದು ಸರಿಯಾಗಿ ಐದು ವರ್ಷಕ್ಕೆ, ಮೇ 5ರಂದೇ, ಚಕ್ರವರ್ತಿ ಆಡಿಸ್ ಅಬಾಬಕ್ಕೆ ಮರಳಿದರು. ವಿಷಾನಿಲ ಬಳಸಿದ್ದು ನಿಜವೆಂದು ಇಟಲಿಯ ರಕ್ಷಣಾ ಸಚಿವಾಲಯ ಅಧಿಕೃತವಾಗಿ ಒಪ್ಪಿಕೊಂಡದ್ದು 1996ರಲ್ಲಿ.