ವರಾಹದ ಎರಡು ಮುಖಗಳು

ನಾಣ್ಯವು ಅರಸನು ಪ್ರಜೆಗಳಿಗೆ ಬರೆದ ಓಲೆಯೆಂದು ಜಯನಗರದ ತರಗತಿಯಲ್ಲಿ ನಾನು ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ಇಕ್ಕೇರಿ ವರಾಹದ ಶಿವಪಾರ್ವತಿಯರನ್ನು ಅಳಿಸಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಅಚ್ಚೊತ್ತಿಸಿದನು. ಜನರಿಗೆ ಪರಿಚಿತವಾದ ಚಿತ್ರ ಉಳಿಯಿತು. ಟಿಪ್ಪು ಸುಲ್ತಾನನು ದೇವತಾಮೂರ್ತಿಗಳನ್ನು ಕೈಬಿಟ್ಟು ಪಾರಸಿ ಬರಹವನ್ನಿಡಿಸಿದನು. ಆದರೂ ವರಾಹದಲ್ಲಿ ತಂದೆಯ ಅಕ್ಷರವನ್ನು ಉಳಿಸಿಕೊಂಡನು. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲಿ ಶಿವಪಾರ್ವತಿಯರು ಮರಳಿದರು. ಹಿಂಬದಿಗೆ ನಾಗರಿಯಲ್ಲಿ ‘ಶ್ರೀ ಕೃಷ್ಣರಾಜ’ ಎಂಬ ಹೆಸರು ಬಂದಿತು. ಅಚ್ಚು ಬದಲಾದರೂ ವರಾಹದ ತೂಕ ಸುಮಾರು 3.4 ಗ್ರಾಮಿನಲ್ಲಿಯೇ ನಿಂತಿತು. ಈ ಅರಸರ ಹೆಸರಿನಲ್ಲಿ ಇಂದಿಗೂ ವಾದಿಸುವವರು ಮೊದಲು ನಾಣ್ಯದ ಎರಡೂ ಮುಖಗಳನ್ನು ತಿರುಗಿಸಿ ನೋಡಲಿ.